ಕೆರೆ ಏರಿಯ ಹಾರ್ಡ್ ಡಿಸ್ಕ್

ಆತಿಫಾ ಶಿಕಾರಿಪುರದ ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದಳು. ಜುಲೈ ತಿಂಗಳಲ್ಲಿ ಅವಳ ಅಂಗಡಿಗೆ ಪರಮಶಿವಪ್ಪ ಬಂದರು. ಸೊರಬ ತಾಲ್ಲೂಕಿನ ಒಂದು ಹಳ್ಳಿಯ ಮೀನು ಸಾಕಣೆ ಸಂಘಕ್ಕೆ ಅವರು ಅಧ್ಯಕ್ಷರು. ಕೆರೆಯಲ್ಲಿ ಸಾಕಿದ ಮೀನನ್ನು ಯಾರೋ ಬಲೆ ಹಾಕಿ ಒಯ್ಯುತ್ತಿದ್ದರು. ಏರಿಯ ಮೇಲೆ ಎರಡು ಕ್ಯಾಮೆರಾ, ಅವು ತೆಗೆದದ್ದನ್ನು ಉಳಿಸಿಡುವ ಪೆಟ್ಟಿಗೆ ಬೇಕಿತ್ತು. ಅಲ್ಲಿಗೆ ಕರೆಂಟಿಲ್ಲ, ಸೋಲಾರ್ ಬ್ಯಾಟರಿಯೇ ಗತಿ.

"ಪೆಟ್ಟಿಗೆ ಒಳಗೆ ಹಾಕೋ ಡಿಸ್ಕಿನಲ್ಲಿ ಎರಡು ಥರ ಬರ್ತದೆ ರೀ," ಎಂದಳು ಆತಿಫಾ. "ಒಂದು ನಿಧಾನ, ಆದ್ರೆ ಕರೆಂಟ್ ಕಡಿಮೆ ತಿನ್ನುತ್ತೆ. ಇನ್ನೊಂದು ಸ್ಪೀಡು, ಹುಡುಕಿದ್ದು ತಟ್ಟನೆ ಸಿಗುತ್ತೆ. ಕರೆಂಟ್ ಮಾತ್ರ ಜಾಸ್ತಿ ಬೇಕು."

"ಸೋಲಾರಿಗೆ ಯಾವ್ದು ಒಳ್ಳೇದು ನೀವೇ ಹೇಳಿ ತಂಗಿ. ನಮಗೆಂತ ಗೊತ್ತು?"

ನಿಧಾನದ್ದೇ ಸರಿ ಎಂದು ಅವಳಿಗೆ ಗೊತ್ತಿತ್ತು. ಆದರೆ ಅದು ಅಂಗಡಿಯಲ್ಲಿ ಮುಗಿದಿತ್ತು; ಶಿವಮೊಗ್ಗದಿಂದ ಬರಲು ವಾರ ಹಿಡಿಯುತ್ತಿತ್ತು. ಅಷ್ಟರಲ್ಲಿ ಇವರು ಬೇರೆ ಅಂಗಡಿಗೆ ಹೋದರೆ? "ಸ್ಪೀಡಿಂದೇ ಹಾಕೋಣ ಬಿಡ್ರಿ, ಏನೂ ಆಗಲ್ಲ," ಎಂದುಬಿಟ್ಟಳು.

ಅದನ್ನು ಹಾಕಿ ಇಪ್ಪತ್ತು ದಿನ ಕಳೆದ ಮೇಲೆ ಪರಮಶಿವಪ್ಪನವರ ಫೋನ್ ಬಂತು. ಮತ್ತೆ ಮೀನು ಕಳವಾಗಿತ್ತು. ಆ ಹೊತ್ತಿನ ವಿಡಿಯೋ ಮಾತ್ರ ಪೆಟ್ಟಿಗೆಯಲ್ಲಿ ಇರಲಿಲ್ಲ. "ಕಾವಲಿನ ಹೂವಪ್ಪನೇ ಪೆಟ್ಟಿಗೆ ಬಂದ್ ಮಾಡಿ ಕಳ್ಳರಿಗೆ ದಾರಿ ಬಿಟ್ಟಿದಾನೆ ಅಂತಿದಾರೆ ಎಲ್ರೂ. ಅವನನ್ನ ಕೆಲಸದಿಂದ ಬಿಡಿಸಿದೀವಿ. ನೀವು ಬಂದು ನೋಡಿ ಹೇಳ್ಬೇಕು."

ಮರುದಿನ ಬೆಳಗ್ಗೆ ಆತಿಫಾ ಏರಿಯ ಮೇಲೆ ಪೆಟ್ಟಿಗೆ ತೆರೆದಳು. ಸುತ್ತ ಹತ್ತಾರು ಜನ ನೆರೆದಿದ್ದರು. ಐವತ್ತು ದಾಟಿದ ಹೂವಪ್ಪ ಎಲ್ಲರಿಂದ ದೂರ, ಕೈಕಟ್ಟಿ ನಿಂತಿದ್ದ. ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು. ಕಳವಾದ ದಿನವೂ ಸೇರಿ ಮೋಡ ಕವಿದ ಐದು ದಿನವೂ ಬ್ಯಾಟರಿ ಬರಿದಾಗಿ ಪೆಟ್ಟಿಗೆ ತಾನಾಗಿಯೇ ನಿಂತುಹೋಗಿತ್ತು. ಯಾರೂ ಮುಟ್ಟಿರಲಿಲ್ಲ.

ವೈರ್ ಸಡಿಲವಾಗಿತ್ತು ಎಂದರೆ ಅವಳ ತಪ್ಪು ಮುಚ್ಚಿಹೋಗುತ್ತಿತ್ತು. ಆದರೆ ಸಡಿಲ ಮಾಡಿದವನೂ ಹೂವಪ್ಪನೇ ಎನ್ನುತ್ತಿದ್ದರು.

"ತಪ್ಪು ನಂದು ರೀ," ಎಂದಳು. "ಮೋಡದ ದಿನಕ್ಕೆ ಈ ಡಿಸ್ಕ್ ಸರಿಹೋಗಲ್ಲ ಅಂತ ಗೊತ್ತಿದ್ದೂ ಕೊಟ್ಟೆ. ಹೂವಪ್ಪಣ್ಣ ಏನೂ ಮಾಡಿಲ್ಲ."

ಪರಮಶಿವಪ್ಪ ಹೂವಪ್ಪನತ್ತ ತಿರುಗಿ, "ಆಯ್ತಲ್ಲ ಮಾರಾಯ, ಇವತ್ತಿಂದ ಕೆಲಸಕ್ಕೆ ಬಾ," ಎಂದರು.

"ಮೊನ್ನೆ ನನ್ನ ಮನೆ ಹೊಕ್ಕು ಅಟ್ಟದ ಮೇಲೆಲ್ಲ ಬಲೆ ಹುಡುಕಿದ್ರಿ," ಎಂದ ಹೂವಪ್ಪ. "ಸೊಸೆ ಎದುರಿಗೆ. ನಾನು ಬರಲ್ಲ." ಆಮೇಲೆ ಆತಿಫಾಳನ್ನು ನೋಡಿದ. "ಗೊತ್ತಿತ್ತು ಅಂದ್ರೆ ಅವತ್ತೇ ಹೇಳ್ಬಾರ್ದಿತ್ತೇನಮ್ಮ?"

ಅವಳು ಲ್ಯಾಪ್‌ಟಾಪ್ ಎತ್ತಿಟ್ಟು ಪೆಟ್ಟಿಗೆ ಮುಚ್ಚಿದಳು.

ಮುಂದಿನ ವಾರ ನಿಧಾನದ ಡಿಸ್ಕ್ ತಂದು ಹಾಕಿದಳು. ಬೇಕಾದ್ದನ್ನು ಹುಡುಕಲು ತಡವಾಗುತ್ತಿತ್ತು, ಆದರೆ ಮೋಡದ ದಿನಗಳಲ್ಲೂ ಪೆಟ್ಟಿಗೆ ನಿಲ್ಲಲಿಲ್ಲ. ಡಿಸ್ಕ್ ಹಾಕಿದ ದಿನವೇ ಹೂವಪ್ಪನ ಮನೆಗೂ ಹೋದಳು. ಸೊಸೆ ಕೂರಲು ಹೇಳಿ ನೀರು ಕೊಟ್ಟಳು. ಮಾವ ಸೊರಬದ ಅಕ್ಕಿ ಗಿರಣಿಗೆ ಕೆಲಸಕ್ಕೆ ಸೇರಿದ್ದಾರೆ, ಏರಿಯ ದಾರಿಯಲ್ಲಿ ಓಡಾಡುವುದನ್ನೇ ಬಿಟ್ಟಿದ್ದಾರೆ ಎಂದಳು.

ಮೀನು ಕದ್ದವರು ಯಾರೆಂದು ಕೊನೆಗೂ ತಿಳಿಯಲಿಲ್ಲ.