ಬೆಲ್ಲವಿಲ್ಲದ ಭರಣಿ

ಕುಂದಗೋಳದ ಪಂಢರಿನಾಥ ಮಾಸ್ತರರ ಮನೆಯಲ್ಲಿ ಈಚೆಗೆ ಬೆಳಗಾಗುತ್ತಿದ್ದುದು ಒಂದು ಗಾಜಿನ ನಳಿಕೆಯಿಂದ. ಹೆಂಡತಿ ಅನ್ನಪೂರ್ಣಾಬಾಯಿ ಅದರಲ್ಲಿ ನೀಲಿ ಔಷಧ ಹಾಕಿ, ಗಂಡನ ಮೂತ್ರದ ಎಂಟು ಹನಿ ಬೆರೆಸಿ, ಹಿತ್ತಲ ಕಟ್ಟೆಯ ಮೇಲೆ ಸ್ಪಿರಿಟ್ ದೀಪದ ಉರಿಗೆ ಹಿಡಿಯುತ್ತಿದ್ದರು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ, ಹಸಿರಾದರೆ ತುಸು, ಇಟ್ಟಂಗಿಯ ಕೆಂಪು ಬಣ್ಣವಾದರೆ ಕೇಳುವುದೇ ಬೇಡ. ಎಂಟು ದಿನದಿಂದ ಇಟ್ಟಂಗಿಯೇ ಬರುತ್ತಿತ್ತು.

ಹೊಸ ಚಪ್ಪಲಿ ಕಚ್ಚಿದ ಮಾಸ್ತರರ ಎಡಗಾಲಿನ ಕಿರುಬೆರಳು ಎರಡು ತಿಂಗಳಾದರೂ ಮಾಯದೆ ಕಪ್ಪಾಗತೊಡಗಿತ್ತು. ಹುಬ್ಬಳ್ಳಿಯ ಡಾಕ್ಟರು ಗಡುವು ಕೊಟ್ಟಿದ್ದರು: "ಇನ್ನ ಹದಿನೈದು ದಿವಸ ನೋಡೂಣು. ಸಕ್ಕರಿ ಇಳೀಲಿಲ್ಲ ಅಂದ್ರ ಬೆರಳು ತಗೀಬೇಕಾಗ್ತದ." ಅನ್ನ ಬಂದ್, ಬೆಲ್ಲ ಬಂದ್. ಊಟಕ್ಕೆ ಒಂದು ಜೋಳದ ರೊಟ್ಟಿ, ಉಳಿದದ್ದೆಲ್ಲ ಮೆಂತ್ಯೆ, ರಾಜಗಿರಿಯ ತಪ್ಪಲು ಪಲ್ಯ.

ಬರೀ ತಪ್ಪಲು ಕಂಡು ಮಾಸ್ತರರು ತಾಟು ಸರಿಸಿದರು. ಅದನ್ನು ಒಳಗೆ ಇಳಿಸುವ ಉಪಾಯವಾಗಿ ಅನ್ನಪೂರ್ಣಾಬಾಯಿ ಟೊಮೆಟೊ ಕಾಯಿಯ ಚಟ್ನಿ ಹೂಡಿದರು. ಹಸಿರು ಕಾಯಿಗಳನ್ನು ಹೋಳು ಮಾಡಿ ಎಣ್ಣೆಯಲ್ಲಿ ಬಾಡಿಸಿ, ಹಸಿಮೆಣಸಿನಕಾಯಿ, ಹುರಿದ ಗುರೆಳ್ಳು, ಜೀರಿಗೆ ಸೇರಿಸಿ ರುಬ್ಬಿ, ಮೇಲೆ ಇಂಗಿನ ಒಗ್ಗರಣೆ. ಬೆಲ್ಲ ಮಾತ್ರ ಇಲ್ಲ. ಸಾರಿಗೂ ಬೆಲ್ಲ, ಪಲ್ಯಕ್ಕೂ ಬೆಲ್ಲ ಹಾಕುವ ಮನೆಯಲ್ಲಿ ಇದು ದೇವರಿಲ್ಲದ ಜಗುಲಿಯಂಥ ಅಡಿಗೆ.

ಒಲೆಯ ಮುಂದೆ ಕೂತವರು ರುಚಿ ನೋಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಚಟ್ನಿ ತುಂಬಿಟ್ಟ ಮೇಲೂ ಅದು ಮಾಸ್ತರರ ಭರಣಿ, ಬೇರೆಯವರು ಕೈ ಹಾಕುವಂತಿಲ್ಲ. ಮೊದಲ ದಿನ ಅವರು ಮುಖ ಕಿವುಚಿದರು. ಮೂರನೆಯ ದಿನ ಅಂದರು: "ಇವತ್ತ ಕೈ ಕುದುರೇದ ನೋಡು. ಅಗದಿ ಛಲೋ ಆಗೇದ." ಅನ್ನಪೂರ್ಣಾಬಾಯಿ ಬಾಜು ಮನೆಯವರನ್ನು ಕರೆದು ಚಟ್ನಿ ಮಾಡುವ ಬಗೆ ಹೇಳಿಕೊಟ್ಟರು.

ಶನಿವಾರ ಕಾಯಿಪಲ್ಯ ಮಾರುವ ರೇವವ್ವ ಬುಟ್ಟಿ ಹೊತ್ತು ಬಂದಳು. ಹೊಲದ ಟೊಮೆಟೊ ಗಿಡ ಕಿತ್ತಿದ್ದಳು, ಉಳಿದ ಕಾಯೆಲ್ಲ ತಂದಿದ್ದಳು. ಅವಳ ಕಾಯಿಯದೇ ಚಟ್ನಿ ಎಂಬ ಹೆಮ್ಮೆಯಿಂದ ಅನ್ನಪೂರ್ಣಾಬಾಯಿ ಭರಣಿಯಿಂದ ಒಂದು ಚಮಚೆ ತೆಗೆದು ರೊಟ್ಟಿಯ ಮೇಲಿಟ್ಟು ಕೊಟ್ಟರು. ರೇವವ್ವ ಒಂದು ತುತ್ತು ತಿಂದು ತಲೆಯಾಡಿಸಿದಳು.

"ಎಲ್ಲಾ ಛಲೋ ಐತ್ರಿ ಅವ್ವಾರ. ಆದ್ರ ನಿಮ್ಮ ಮಂದಿ ಚಟ್ನಿ ಮಾಡಾಕ ಕುಂತ್ರೂ ಪಾಯಸಾನ ಮಾಡ್ತೀರಿ ನೋಡ್ರಿ."

"ಏನಂದೀ?"

"ಬೆಲ್ಲಾ ಭಾಳಾತ್ರಿ."

ಅನ್ನಪೂರ್ಣಾಬಾಯಿ ಭರಣಿಗೆ ಬೆರಳು ಹಾಕಿ ನಾಲಿಗೆಗೆ ಮುಟ್ಟಿಸಿದರು. ಬೆಲ್ಲ. ಹದಿನೆಂಟು ವರ್ಷದ ಸಂಸಾರದಲ್ಲಿ ಗಂಡ ಅಡಿಗೆ ಹೊಗಳಿದ್ದು ಅದೊಂದೇ ವಾರ, ಆ ಹೊಗಳಿಕೆಯೂ ಬೆಲ್ಲಕ್ಕೆ ಸಂದಿತ್ತು.

ಮನೆಯಲ್ಲಿ ಇನ್ನೊಬ್ಬರೇ ಇದ್ದದ್ದು, ಮಾಸ್ತರರ ಅಕ್ಕ ದ್ವಾರಕಾಬಾಯಿ. ತಾಯಿಯಿಲ್ಲದ ತಮ್ಮನನ್ನು ಸಾಕಿದವರು, ಕಡು ಮಡಿಯವರು. ಟೊಮೆಟೊವನ್ನು ವಿಲಾಯತಿ ಬದನೆಕಾಯಿ ಎಂದು ಜನ್ಮದಲ್ಲಿ ಬಾಯಿಗಿಟ್ಟವರಲ್ಲ. ತಾವು ತಿನ್ನದ ಪದಾರ್ಥದ ರುಚಿಯನ್ನು ಅವರು ದಿನವೂ ಮೇಲಿನಿಂದ ಬೆಲ್ಲ ಉದುರಿಸಿ, ಭರಣಿ ಕುಲುಕಿ, ತಿದ್ದುತ್ತಿದ್ದರು.

"ಅಕ್ಕಾರ, ಇದಕ್ಕ ಬೆಲ್ಲಾ ಹಾಕೀರಿ?"

"ಅಡಕಿಯಷ್ಟು." ದ್ವಾರಕಾಬಾಯಿ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಡಾಕ್ಟರು ಬೆಲ್ಲಾ ಬ್ಯಾಡ ಅಂದಾರಲ್ರಿ!"

"ತಿನಬ್ಯಾಡ ಅಂದಾನ. ತಿನ್ನೂದು ಅಂದ್ರ ಶೇಂಗಾದ ಜೋಡಿ ತಿನ್ನೂದು. ಇದು ಹುಳಿ ಮುರೀಲಿಕ್ಕೆ. ಹುಳಿ ಮುರೀದಿದ್ರ ಪಿತ್ತ ಏರಿ ಗಾಯ ಹಸಿ ಆಗ್ತದ, ಅಷ್ಟೂ ತಿಳೀದೇನು?"

"ನನಗೊಂದು ಮಾತು ಹೇಳಬಾರದಿತ್ತ?"

"ಉಪ್ಪು ಹಾಕಿದ್ದು ಯಾರರೆ ಹೇಳ್ತಾರೇನ?"

ಪಡಸಾಲೆಯಲ್ಲಿ ಮಾಸ್ತರರು ಪೇಪರು ಓದುತ್ತಿದ್ದರು. ಅನ್ನಪೂರ್ಣಾಬಾಯಿ ಭರಣಿಯನ್ನು ಪೇಪರಿನ ಮೇಲೆಯೇ ಇಟ್ಟರು.

"ನಿಮಗ ಗೊತ್ತಿತ್ತಲ್ಲ?"

"ಗೊತ್ತಿಲ್ಲದೇನು," ಎಂದರು ಮಾಸ್ತರರು. "ಬ್ಯಾಡಂದ್ರ ಅಕ್ಕಾಗ ಬ್ಯಾಸರಾಗ್ತದ."

"ಬೆರಳು ಕೊಯ್ದ್ರ ಯಾರಿಗೆ ಬ್ಯಾಸರಾಗ್ತದ್ರಿ? ಮುಂಜಾನೆದ್ದು ನಿಮ್ಮ ಉಚ್ಚಿ ಕಾಸೂ ನನಗೋ, ಚಪ್ಪಲಿ ಮಾಡಿದಾಂವಗೋ?"

ಮಾಸ್ತರರು ಭರಣಿಯ ಅಡಿಯಿಂದ ಪೇಪರು ಎಳೆದುಕೊಂಡರು. ಗಣಿತ ಕಲಿಸುವವರಾದರೂ ದಿನದಿನದ ಅಡಕೆಯಷ್ಟನ್ನು ಕೂಡಿಸುವುದು ಅವರಿಗೆ ಹೊಳೆದಿರಲಿಲ್ಲ.

ಚಟ್ನಿ ಹಿತ್ತಲ ಎಮ್ಮೆಗೆ ಹೋಯಿತು. ಆ ಮಧ್ಯಾಹ್ನ ಹೊಸ ಕಾಯಿ ರುಬ್ಬುವಾಗ ಗುಂಡುಕಲ್ಲಿನ ಸದ್ದು ಓಣಿಗೆಲ್ಲ ಕೇಳುತ್ತಿತ್ತು. "ಆತವ್ವಾ, ಇನ್ನ ಹಾಕೂದಿಲ್ಲ" ಎಂದು ದ್ವಾರಕಾಬಾಯಿ ದೇವರ ಮನೆಯಿಂದಲೇ ಕೂಗಿ ಹೇಳಿದರು. ಅನ್ನಪೂರ್ಣಾಬಾಯಿ ಆ ಮಾತನ್ನು ಕೇಳಿಸಿಕೊಂಡರು, ನಂಬಲಿಲ್ಲ. ಡಬ್ಬಿಯಲ್ಲಿದ್ದ ಬೆಲ್ಲದ ಪೆಂಟೆಯನ್ನು ಸದ್ದಿಲ್ಲದೆ ರೇವವ್ವನ ಬುಟ್ಟಿಗೆ ಹಾಕಿ ಕಳಿಸಿದರು. ಖಾಲಿ ಡಬ್ಬಿ ಮತ್ತೆ ಗೋಡೆಯ ಮಾಡದಲ್ಲಿ ಕೂತಿತು.

ರವಿವಾರ ಬೆಳಿಗ್ಗೆ ನಳಿಕೆ ಮತ್ತೆ ಇಟ್ಟಂಗಿ. ಈ ಸಲ ಅನ್ನಪೂರ್ಣಾಬಾಯಿ ಅದನ್ನು ಚೆಲ್ಲಲಿಲ್ಲ. ನಳಿಕೆಯ ಬಾಯಿಗೆ ಅರಳೆ ತುರುಕಿ ಒಳಗೆ ಒಯ್ದರು.

ಊಟವಾದ ಮೇಲೆ ಮನೆ ತೂಕಡಿಸುವ ಹೊತ್ತಿಗೆ ದ್ವಾರಕಾಬಾಯಿ ಅಡಿಗೆಮನೆಗೆ ಬಂದರು. ಭರಣಿಯ ಮುಚ್ಚಳ ತೆಗೆದಿಟ್ಟರು. ಮಾಡದ ಡಬ್ಬಿಗೆ ಕೈ ಹಾಕಿದರು. ಕೈಗೆ ಬಂದದ್ದು ಬೆಲ್ಲವಲ್ಲ, ತಣ್ಣನೆಯ ಗಾಜು.

"ಅಯ್ಯ, ಇದೇನ ಇದು!"

ಬಾಗಿಲಲ್ಲಿ ಅನ್ನಪೂರ್ಣಾಬಾಯಿ ನಿಂತಿದ್ದರು. "ನಿಮ್ಮ ತಮ್ಮಂದು. ಮುಂಜಾನಿದು. ಒಗೀಬ್ಯಾಡ್ರಿ, ಬೆಳಕಿಗೆ ಹಿಡದು ನೋಡ್ರಿ."

"ಮಡೀಲಿದ್ದೇನೇ, ಪಾಪಿ!"

"ನಿಮ್ಮ ಮಡಿ ಕೊಡಾ ನೀರಾಗ ವಾಪಸ್ ಬರ್ತದ. ಅವರ ಬೆರಳು ಬರ್ತದೇನು? ನೀಲಿ ಹಾಕಿದ್ದೆ ಅದರಾಗ, ನೀಲಿ. ಈ ಬಣ್ಣಾ ತಂದದ್ದು ನಿಮ್ಮ ಅಡಕಿಯಷ್ಟು."

ದ್ವಾರಕಾಬಾಯಿ ನಳಿಕೆಯನ್ನು ಕಿಟಕಿಗೆ ಹಿಡಿದರು. ತಳದಲ್ಲಿ ಕೆಂಪು ರಾಡಿ ಕೂತಿತ್ತು. ಎಂಟು ದಿನ ಇದೇ ಬಣ್ಣದ ಸುದ್ದಿ ಅವರ ಕಿವಿಗೆ ಬಿದ್ದಿತ್ತು, ಕಣ್ಣಿಗೆ ಬಿದ್ದದ್ದು ಇದೇ ಮೊದಲು. ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಹಿತ್ತಲ ಕಟ್ಟೆಯ ಮೇಲಿಟ್ಟು, ಬಾವಿಯಿಂದ ಎರಡು ಕೊಡ ತಲೆಯ ಮೇಲೆ ಸುರಿದುಕೊಂಡರು.

ಸಂಜೆ ತಾಟಿನಲ್ಲಿ ತಪ್ಪಲು, ರೊಟ್ಟಿ, ಹೊಸ ಚಟ್ನಿ. ಮಾಸ್ತರರು ನಾಲಿಗೆಗಿಟ್ಟರು. ಮುಖ ಹಿಂಡಿದಂತಾಯಿತು. ರೂಢಿಯಂತೆ ಅಕ್ಕನ ಕಡೆ ನೋಡಿದರು.

"ಭಾಳ ಹುಳಿ ಅದ, ಅಕ್ಕಾ."

ಅನ್ನಪೂರ್ಣಾಬಾಯಿ ಕೈಯಲ್ಲಿ ಚಮಚೆ ಹಿಡಿದು ಕಾದಿದ್ದರು, ಯಾರು ಏನಂದರೂ ಎಸೆಯುವುದಕ್ಕೆ ಸಿದ್ಧರಾಗಿ. ದ್ವಾರಕಾಬಾಯಿಯ ಕೂದಲಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಎಂಟು ದಿವಸ ಬಾಯಿ ಮುಚ್ಚಿಕೊಂಡು ಬೆಲ್ಲಾ ನುಂಗಿದಿ, ಪಂಢರ್ಯಾ," ಎಂದರು. "ಇನ್ನ ಇದನ್ನೂ ನುಂಗು. ಅನ್ನಪೂರ್ಣಿ, ಅವಗ ಇನ್ನೊಂದು ಚಮಚಾ ಹಾಕು."