ಟೆಂಟಿನ ಅರ್ಧ

ಕಿತ್ತಳೆ ಬಣ್ಣ, ಅಗೋ ಅಲ್ಲಿ, ಅತ್ತಿಗೆಯೇ — ಅಲ್ಲ, ಕಲ್ಲು, ಕಲ್ಲಿಗೆ ಹಬ್ಬಿದ ಕಲ್ಲುಹೂವು, ಹತ್ತಿರ ಹೋದರೆ ಅದೂ ಕಿತ್ತಳೆಯಲ್ಲ, ತುಕ್ಕಿನ ಬಣ್ಣ, ಈ ಮಂಜಿನಲ್ಲಿ ಕಣ್ಣು ತನಗೆ ಬೇಕಾದ್ದಕ್ಕೆ ತಾನೇ ಬಣ್ಣ ಹಚ್ಚಿಕೊಳ್ಳುತ್ತದೆ, ಅದೂ ನನ್ನ ಕಣ್ಣು, ದಿನವಿಡೀ ಕಟ್ಟುಹಲ್ಲಿಗೆ ಬಣ್ಣ ಹೊಂದಿಸುವ ಕಣ್ಣು, ಹಲ್ಲು ಮಾಡುವವಳಿಗೆ ಬಿಳಿ ಅಂದರೆ ಒಂದೇ ಬಿಳಿಯಲ್ಲ, ಸಿಗರೇಟು ಸೇದುವವರ ಬಿಳಿ ಬೇರೆ, ಹಾಲುಹಲ್ಲಿನ ನೀಲಿ ಬಿಳಿ ಬೇರೆ, ಬೆಳಗ್ಗೆ ಹೊರಟಾಗ ಮಂಜು ಹಾಲುಹಲ್ಲಿನ ಹಾಗಿತ್ತು, ಈಗ ಮುದುಕರ ಹಲ್ಲಿನ ಹಾಗೆ ಮಾಸಿದೆ, ಅಂದರೆ ಬೆಳಕು ಇಳಿಯುತ್ತಿದೆ, ಅತ್ತಿಗೆ ಇನ್ನೂ ಬಂದಿಲ್ಲ, ನಾನು ಈ ಬೆಟ್ಟದ ದಾರಿಯ ಕವಲಿನಲ್ಲಿ ಕೂತೇ ಇದ್ದೇನೆ, ಚಳಿಗೆ ಮೈ ಅಲುಗಿದಾಗಲೆಲ್ಲ ಬೆನ್ನುಚೀಲದಲ್ಲಿ ಟೆಂಟಿನ ಕೋಲುಗಳು ಕಟಕಟ ಅನ್ನುತ್ತವೆ, ಕೋಲು ನನ್ನ ಹತ್ತಿರ, ಕಿತ್ತಳೆ ಬಟ್ಟೆ ಅತ್ತಿಗೆಯ ಹತ್ತಿರ, ಚೀಲದ ಮೇಲೆ ಸುತ್ತಿ ಕಟ್ಟಿದ್ದಾರೆ, ಕೋಲಿಲ್ಲದ ಬಟ್ಟೆ ಬರೀ ಹೊದಿಕೆ, ಬಟ್ಟೆಯಿಲ್ಲದ ಕೋಲಂತೂ ಅದೂ ಅಲ್ಲ, ಭಾರ ಹಂಚಿಕೊಳ್ಳಬೇಕು ಅಂತ ಅಣ್ಣ ಮಾಡಿಟ್ಟ ಪದ್ಧತಿ, ಕೋಲು ಅವನಿಗೆ, ಬಟ್ಟೆ ಅತ್ತಿಗೆಗೆ, ಹಗಲೆಲ್ಲ ಎಷ್ಟೇ ಜಗಳ ಆಡಿದ್ರೂ ಸಂಜೆ ಒಂದೇ ಕಡೆ ಸೇರ್ಲೇಬೇಕಲ್ಲ, ಅದಕ್ಕೇ ಕಣೇ, ಅಂತ ನಗುತ್ತಿದ್ದ, ಅವನು ತೀರಿಹೋದ ಮೇಲೆ ಮೊದಲ ಸಲ ಚೀಲ ಕಟ್ಟುವಾಗ ಅತ್ತಿಗೆ ಕೋಲಿನ ಕಟ್ಟನ್ನು ನನ್ನ ಕಡೆ ನೂಕಿದರು, ನಾನು ತೆಗೆದುಕೊಂಡೆ.

ಬೆಳಗ್ಗೆ ಸ್ಟವ್ ಮೇಲೆ ನೀರು ಇನ್ನೂ ಕುದಿ ಬಂದಿರಲಿಲ್ಲ, ಅತ್ತಿಗೆ ಬೂಟಿನ ಲೇಸು ಕಟ್ಟುತ್ತಾ, ತಲೆ ಎತ್ತದೆ, ಮುಂದಿನ ತಿಂಗಳು ಮದುವೆ ರಿಜಿಸ್ಟರ್ ಮಾಡ್ಕೋತಿದೀವಿ ಕಣೇ ಅಂದರು, ಯಾರು ಅಂದೆ, ನಾನೂ ಗಡಿಯಾರದವರೂ ಅಂದರು — ಗಡಿಯಾರ ರಿಪೇರಿ ಮಾಡುವವರು, ಅತ್ತಿಗೆ ಕಲಿಸುವ ಡ್ರೈವಿಂಗ್ ಸ್ಕೂಲಿಗೆ ಸೇರಿ ಟೆಸ್ಟಿನಲ್ಲಿ ಫೇಲಾಗುತ್ತಲೇ ಇರುವವರು, ಬೇಕಂತಲೇ ಫೇಲಾಗ್ತಾರೆ ನೋಡಿ ಅಂತ ತಮಾಷೆ ಮಾಡಿದ್ದವಳೂ ನಾನೇ, ಒಳ್ಳೆಯ ಮನುಷ್ಯ, ಮೆತ್ತನೆ ಮಾತು, ಅವರ ಕೆಳಗಿನ ಸಾಲಿನ ಹಲ್ಲು ಮಾಡಿಕೊಟ್ಟದ್ದೂ ನಾನೇ, ಅವರ ಮೇಲೆ ನನಗೇನು ಸಿಟ್ಟು, ಏನೂ ಇಲ್ಲ, ಆದರೆ ಬಾಯಿ ಕೇಳಬೇಕಲ್ಲ, ಹಾಗಾದ್ರೆ ಇನ್ಮೇಲೆ ನೀವು ಅವರ ಮನೆಯೋರು, ನನಗೇನಾಗ್ಬೇಕು ನೀವು ಅಂದೆ, ಅತ್ತಿಗೆ ನಕ್ಕುಬಿಟ್ಟರು, ಅಳೋದಕ್ಕೆ ಮುಂಚೆ ಟೀ ಕುಡಿ, ನಾನ್ಯಾಕೆ ಅಳ್ಲಿ, ಯಾರೋ ಯಾರನ್ನೋ ಮಾಡ್ಕೊಂಡ್ರೆ ನನಗೇನು, ಯಾರೋನಾ ನಾನು ಅಂದರು, ಹೂಂ ಯಾರೋನೇ ಅಂದೆ, ಆಗ ಅತ್ತಿಗೆಯ ಬಲಗಾಲು ನೆಲವನ್ನು ಒತ್ತಿತು, ಕಲಿಯುವವರ ಪಕ್ಕ ಕೂತು ಕೂತು ತಮ್ಮ ಕಡೆಯ ಬ್ರೇಕು ಒತ್ತಿ ಅಭ್ಯಾಸವಾದ ಕಾಲು, ನಿದ್ದೆಯಲ್ಲೂ ಒತ್ತುತ್ತದೆ, ಟೆಂಟಿನೊಳಗೆ ಆ ಬ್ರೇಕು ಎಷ್ಟು ಸಲ ನನ್ನ ಮೊಣಕಾಲಿಗೆ ಬಿದ್ದಿದೆಯೋ — ನಾನು ಮುಖ ಊದಿಸಿಕೊಂಡು ಚೀಲ ಬೆನ್ನಿಗೇರಿಸಿ ಹೊರಟೇ ಬಿಟ್ಟೆ, ಹಿಂದಿನಿಂದ, ಏಯ್, ಕೋಲು ನಿನ್ನ ಹತ್ರ ಇದೆ, ದೂರ ಹೋಗ್ಬೇಡ್ವೇ, ಕೇಳಿಸಿತು, ಕೇಳಿಸದವಳ ಹಾಗೆ ನಡೆದೆ. ಅಪ್ಪ ಅಮ್ಮ ಇಲ್ಲ, ಅಣ್ಣ ಇಲ್ಲ, ನಮ್ಮವರು ಅಂತ ಯಾರ ಹೆಸರು ಹೇಳಲಿ, ಅಣ್ಣ ತೀರಿಕೊಂಡ ವಾರವೇ ಅತ್ತಿಗೆ ನನ್ನ ಬಾಡಿಗೆ ಕೋಣೆಯ ಬಾಗಿಲಲ್ಲಿ ನಿಂತು, ಒಬ್ಬಳೇ ಊಟ ಮಾಡಕ್ಕೆ ಆಗ್ತಿಲ್ಲ ಕಣೇ, ತಟ್ಟೆ ತಂದಿದೀನಿ ಅಂದರು, ನಿಜಕ್ಕೂ ಕಂಕುಳಲ್ಲಿ ತಟ್ಟೆ, ಆ ತಟ್ಟೆ ಇವತ್ತಿಗೂ ನನ್ನ ಸ್ಟ್ಯಾಂಡಿನಲ್ಲೇ ಇದೆ, ಬಂದು ವಾಪಸ್ ಕೇಳುತ್ತಾರಾ, ಕೇಳುವವರಲ್ಲ, ಆದರೂ.

ದಾರಿ ಒಡೆದ ಕಡೆ ಮುಂದಿರುವವರು ನಿಲ್ಲಬೇಕು, ಹಿಂದಿರುವವರು ಬಂದು ಸೇರುವ ತನಕ ಕದಲಬಾರದು, ಇದೂ ಅಣ್ಣನದೇ, ಮುಂದಿರುವವಳು ನಾನು, ನಿಂತಿದ್ದೇನೆ, ಕೂತಿದ್ದೇನೆ, ಎದ್ದು ಕಾಲು ಜಾಡಿಸಿದ್ದೇನೆ, ಕೂಗಿದರೆ ಮಂಜು ಮಾತನ್ನು ಹತ್ತಿಯ ಹಾಗೆ ನುಂಗುತ್ತದೆ, ಬೇಕಂತಲೇ ನಿಧಾನ ಮಾಡುತ್ತಿದ್ದಾರೆ, ಮಾಡಲಿ, ಕಾಲು ಉಳುಕಿದ್ದರೆ, ಥೂ, ಯಾಕೆ ಹಾಗೆ ಯೋಚನೆ — ಹೆಜ್ಜೆ, ಯಾರೋ, ಆದರೆ ಹಿಂದಿನಿಂದಲ್ಲ, ಎದುರಿನಿಂದ, ಬಿಳಿ ಗಡ್ಡದ ಒಬ್ಬ ಚಾರಣಿಗರು, ಗಡ್ಡದ ತುಂಬ ಹನಿ, ನಿಂತು ನನ್ನನ್ನು ನೋಡಿ, ಏನಮ್ಮಾ, ನಾದಿನಿ ನೀವೇನಾ, ಯಾರ ನಾದಿನಿ, ಅದೇ, ಮೇಲಿನ ಕವಲಲ್ಲಿ ಕೂತಿದಾರಲ್ಲ, ಟೆಂಟ್ ಬಟ್ಟೆ ಸುತ್ಕೊಂಡು, ಅವರು, ಕೆಳಗೆ ಮೂಗು ಕೆಂಪಗೆ ಮಾಡ್ಕೊಂಡು ಒಬ್ಳು ಸಿಕ್ತಾಳೆ, ಅವಳೇ ನನ್ನ ನಾದಿನಿ, ಇಲ್ಲೇ ಇದೀನಿ ಅಂತ ಹೇಳಿ ಅಂದ್ರು, ಮೇಲಿನ ಕವಲಾ, ಮುಂದಾ, ಹೂಂನಮ್ಮಾ ಮುಂದೆ, ಅಯ್ಯೋ, ತೊರೆ — ಇಲ್ಲಿಗೆ ಬರುವ ಮುಂಚೆ ದಾರಿ ಬಿಟ್ಟು ತೊರೆಗೆ ಇಳಿದು ಕಾಲಿನ ಬೊಬ್ಬೆ ತೊಳೆದು ಕಾಲುಚೀಲ ಬದಲಿಸಿದೆನಲ್ಲ, ನೀರಿನ ಸದ್ದಿನಲ್ಲಿ, ಮಂಜಿನಲ್ಲಿ, ಮೇಲೆ ದಾರಿಯಲ್ಲಿ ಅತ್ತಿಗೆ ನನ್ನನ್ನು ದಾಟಿ ಹೋಗಿದ್ದಾರೆ, ನನ್ನನ್ನು ಹಿಡಿಯಬೇಕು ಅಂತ ಓಡೋಡಿ ಹೋಗಿ, ಸಿಟ್ಟಿನಲ್ಲಿ ನಿಲ್ಲದೆ ಹೋದೆ ಅಂದುಕೊಂಡು ಈ ಕವಲನ್ನೂ ದಾಟಿಬಿಟ್ಟಿದ್ದಾರೆ, ಮುಂದಿನದರಲ್ಲೂ ನಾನಿಲ್ಲದ್ದು ನೋಡಿ ಅಲ್ಲೇ ಕೂತಿದ್ದಾರೆ, ಹಿಂದಿರುವವಳು ನಾನು, ನಾನೇ ಹೋಗಬೇಕಾದವಳು, ಗಡ್ಡದವರು ಹೇಳುತ್ತಲೇ ಇದ್ದರು, ಬನ್ನಿ ಕೆಳಗೆ ಬಿಡ್ತೀನಿ ಅಂದೆ ಕಣಮ್ಮಾ, ಬರಲ್ಲ ಅಂದ್ರು, ನಮ್ಮನೆ ರೂಲು ಹಾಗೇ ಅಂದ್ರು, ಮಾತು ಸ್ವಲ್ಪ ತೊದಲ್ತಿತ್ತು, ಚಳಿ ಹಿಡಿದಿದೆ, ಬೇಗ ಹೋಗಿ.

ನಮ್ಮನೆ, ನಮ್ಮನೆ ಅಂದರಾ, ಕೇಳಲಿಲ್ಲ, ಅವರಿಗೆ ಥ್ಯಾಂಕ್ಸ್ ಕೂಡ ಹೇಳಲಿಲ್ಲ, ಏರು, ಒದ್ದೆ ಕಲ್ಲು, ಉಸಿರು ಎದೆಯಲ್ಲಿ ಗರಗಸ ಎಳೆಯುತ್ತಿದೆ, ಬೊಬ್ಬೆ ಒಡೆದಿರಬೇಕು, ಒಡೆಯಲಿ, ತೊದಲುತ್ತಿದ್ದರಂತೆ, ಕಾರಿನಲ್ಲಿ ಕೂತು ಊರಿಗೇ ಕೇಳುವ ಹಾಗೆ ಕ್ಲಚ್ ಬಿಡು, ನಿಧಾನ ಬಿಡು ಅಂತ ಕೂಗುವ ಬಾಯಿ, ತೊದಲುತ್ತಿದೆಯಂತೆ, ಕಿತ್ತಳೆ — ಕಲ್ಲು, ಕಿತ್ತಳೆ — ಒಣಗಿದ ಪೊದೆ, ಮಂಜು ಒಂದು ಗಳಿಗೆ ಸರಿದು ಮತ್ತೆ ಮುಚ್ಚಿತು, ಅತ್ತಿಗೇ, ಕೂಗು ಬಂದ ಮೇಲೆ ಗೊತ್ತಾಯಿತು ಅದು ನನ್ನದು, ಅತ್ತಿಗೇ, ಅತ್ತಿಗೇ, ಏನೇ, ಕಿರುಚ್ಬೇಡ, ಇಲ್ಲೇ ಇದೀನಿ, ಸಣ್ಣದಾಗಿ, ನಾಲಿಗೆ ದಪ್ಪವಾದವರ ಹಾಗೆ, ಎಡಕ್ಕೆ, ಕಿತ್ತಳೆ, ಈ ಸಲ ಕಲ್ಲಲ್ಲ, ಕಲ್ಲಿಗೆ ಒರಗಿದ ಒಂದು ಗುಡ್ಡೆ, ನಡುಗುತ್ತಿರುವ ಕಿತ್ತಳೆ, ಒಂದು ಕೈ ಬಟ್ಟೆಯ ಅಂಚನ್ನು ಎತ್ತಿ ಹಿಡಿದಿದೆ, ಒಳಗೆ ಇನ್ನೊಬ್ಬರು ಕೂರುವಷ್ಟು ಜಾಗ, ಕಿತ್ತಳೆ, ಎತ್ತಿ ಹಿಡಿದ ಅಂಚು, ಕಿತ್ತಳೆ