ಒಂದು ಸುತ್ತು ಚುಕ್ಕಿ

ಸಂಕ್ರಾಂತಿಗೆ ಜೆ.ಪಿ. ನಗರದ ನಮ್ಮ ಬೀದಿಯವರು ಅಜ್ಜಿ-ಮೊಮ್ಮಕ್ಕಳ ರಂಗೋಲಿ ಸ್ಪರ್ಧೆ ಇಟ್ಟರು. ವಿಷಯ ಸೌರಮಂಡಲ. ನಾನು ಓದಿದ್ದು ಮೂರನೇ ಕ್ಲಾಸು.

"ಸೀತಾಲಕ್ಷ್ಮಮ್ಮ ಎಲ್ಲಿ, ಸೌರಮಂಡಲ ಎಲ್ಲಿ! ನೀವು ಹೂಬಳ್ಳಿ ಬರ್ಕೊಂಡಿರಿ" ಎಂದು ಎದುರುಮನೆಯ ಲತಾಮಣಿ ನಕ್ಕದ್ದು ನನ್ನ ಮೊಮ್ಮಗಳು ಇಂಚರಳ ಕಿವಿಗೆ ಬಿತ್ತು. ದುಸುಮುಸು ಅನ್ನುತ್ತ ಹೋಗಿ ಇಬ್ಬರ ಹೆಸರೂ ಬರೆಸಿ ಬಂದಳು.

"ನಮ್ಮಜ್ಜಿ ಒಂದು ಚುಕ್ಕೀನೂ ತಪ್ಪಲ್ಲ ಅಂತ ಎಲ್ಲರ ಮುಂದೆ ಹೇಳ್ಬಂದಿದೀನಿ. ಮಾನ ಕಳೀಬೇಡ."

ಒಂದು ವಾರ ನನಗೆ ಪಾಠ. ನಡುವೆ ಸೂರ್ಯ, ಸುತ್ತ ಎಂಟು ಗ್ರಹ.

"ರಾಹು ಕೇತು ಎಲ್ಲೇ?"

"ಅವ್ರು ಲಿಸ್ಟಲ್ಲಿಲ್ಲ ಅಜ್ಜಿ."

"ಇಲ್ಲ ಅಂದ್ರೆ? ಪ್ರತಿ ಮಂಗಳವಾರ ರಾಹುಕಾಲದಲ್ಲಿ ಬನಶಂಕರಿ ಗುಡೀಲಿ ನಿಂಬೆಹಣ್ಣಿನ ದೀಪ ಹಚ್ತೀನಲ್ಲ!"

"ಹಚ್ಚು, ಬೇಡ ಅಂದೋರ್ಯಾರು? ರಂಗೋಲೀಲಿ ಮಾತ್ರ ಬರೀಬೇಡ."

ಚಂದ್ರ ಗ್ರಹವಲ್ಲವಂತೆ, ಭೂಮಿಯ ಸೆರಗು ಹಿಡಿದು ಸುತ್ತುವ ಕೂಸಂತೆ. ಮಂಗಳನಿಗೂ ಗುರುವಿಗೂ ನಡುವೆ ಲೆಕ್ಕವಿಲ್ಲದಷ್ಟು ಕಲ್ಲುಚೂರುಗಳಂತೆ. ಅವನ್ನೆಲ್ಲ ಯಾರು ಬರೆಯುತ್ತಾರೆ ಎಂದು ಇಬ್ಬರೂ ಕೈಬಿಟ್ಟೆವು. ಬಾಲಚುಕ್ಕಿಗೆ ಪಾಠ ಬೇಕಾಗಲಿಲ್ಲ. ನಾನು ಹತ್ತು ವರ್ಷದವಳಿದ್ದಾಗ ಅಪ್ಪ ಬೆಳಗಿನ ಜಾವ ಎಬ್ಬಿಸಿ ತೋರಿಸಿದ್ದರು. ಕಡ್ಡಿಪೊರಕೆ ಹರಡಿದಂಥ ಆ ಬಾಲ ಇನ್ನೂ ಕಣ್ಣಲ್ಲಿದೆ.

ಸ್ಪರ್ಧೆಯ ದಿನ ಸೂರ್ಯನ ಸುತ್ತ ಸುತ್ತು ಸುತ್ತಾಗಿ ಚುಕ್ಕಿ ಇಟ್ಟೆ. ಒಳಗಿನಿಂದ ಗೆರೆ ಎಳೆದು ಗ್ರಹ ಕೂರಿಸುತ್ತ ನಾನು ಬಂದೆ, ಹೊರಗಿನಿಂದ ಇಂಚರ ಬಂದಳು. ನಾನು ಮಂಗಳನಿಗೆ ಕೆಂಪು ತುಂಬಿದೆ, ಅವಳು ಗುರುವಿಗೆ ಹಳದಿ ತುಂಬಿದಳು. ನಮ್ಮಿಬ್ಬರ ನಡುವೆ ಒಂದು ಸುತ್ತು ಚುಕ್ಕಿ ಹಾಗೇ ಉಳಿಯಿತು. ಗ್ರಹ ಎಂಟೂ ಮುಗಿದಿದ್ದವು.

ಸುತ್ತುಗಳನ್ನು ಮತ್ತೆ ಎಣಿಸಿದೆ. ನವಗ್ರಹ ಬರೆದು ಪಳಗಿದ ಕೈ ಒಂಬತ್ತು ಸುತ್ತು ಇಟ್ಟುಬಿಟ್ಟಿತ್ತು! ಇಟ್ಟ ಚುಕ್ಕಿ ಸೇರಿಸದೆ ಬಿಟ್ಟರೆ ರಂಗೋಲಿ ಕೆಟ್ಟಂತೆಯೇ.

"ಅಯ್ಯೋ, ಚುಕ್ಕಿ ಬಿಟ್ಬಿಟ್ರಾ!" ಪಕ್ಕದ ಚೌಕದಿಂದ ಲತಾಮಣಿಯ ದನಿ.

ಸೆರಗಿನ ತುದಿಯಿಂದ ಒರೆಸಲು ಬಗ್ಗಿದೆ.

"ಮುಟ್ಬೇಡಜ್ಜಿ!" ಇಂಚರ ನನ್ನ ಕೈ ಹಿಡಿದಳು. "ಮಂಗಳ, ಗುರು... ನಡುವೆ ಏನಿರತ್ತೆ ಹೇಳು?"

ನೋಡುತ್ತ ನೋಡುತ್ತ ನಗು ಬಂತು. "ಕಲ್ಲುಚೂರು!"

ತೀರ್ಪು ಕೊಡಲು ಬಂದ ಶುಭಾ ಮೇಡಂ, ವಿಜ್ಞಾನದ ಟೀಚರು, ಅಲ್ಲೇ ಕುಕ್ಕರಗಾಲಲ್ಲಿ ಕೂತರು. "ಕ್ಷುದ್ರಗ್ರಹ ಯಾರೂ ಹಾಕಿಲ್ಲ. ಹೆಂಗ್ ಹೊಳೀತು ಅಜ್ಜಿ?"

"ಹೊಳೀಲಿಲ್ಲಮ್ಮ. ಅಭ್ಯಾಸಬಲ, ಒಂದು ಸುತ್ತು ಜಾಸ್ತಿ ಇಟ್ಟೆ."

ಇಂಚರ ಹಣೆ ಚಚ್ಚಿಕೊಂಡಳು. ಮೇಡಂ ನಕ್ಕರು. "ತಪ್ಪಿದ್ರೂ ಸರಿಯಾದ ಜಾಗದಲ್ಲೇ ತಪ್ಪಿದೀರಿ."

ಎರಡನೇ ಬಹುಮಾನ ಬಂತು, ಮುಚ್ಚಳವಿರುವ ಸ್ಟೀಲ್ ಡಬ್ಬಿ. "ನಿಜ ಹೇಳ್ದೆ ಇದ್ದಿದ್ರೆ ಫಸ್ಟು" ಎಂದು ಇಂಚರ ಮುಖ ಊದಿಸಿದಳು.

ಸಂಜೆ ಎಳ್ಳು ಬೀರಲು ಬಂದ ಲತಾಮಣಿ ತಟ್ಟೆ ಇಟ್ಟು ಇಂಚರಳತ್ತ ತಿರುಗಿದಳು. "ಅಲ್ಲ ಇಂಚರ, ಆ ಚುಕ್ಕಿ ಸಾಲು ಅಂದ್ರೆ ಏನೇ ಅದು?"

ಇಂಚರ ಕಬ್ಬು ಸಿಗಿಯುವುದನ್ನು ನಿಲ್ಲಿಸಲೂ ಇಲ್ಲ. "ನಂಗೇನ್ ಗೊತ್ತು ಆಂಟಿ? ನಮ್ಮಜ್ಜೀನ ಕೇಳಿ."

ನಾನು ಲತಾಮಣಿಗೆ ಕುರ್ಚಿ ಎಳೆದು ಹಾಕಿ, ಸೂರ್ಯನಿಂದ ಶುರು ಮಾಡಿದೆ.